ಮಾಗದ ಗೊಬ್ಬರ

ಬೀದರಿನಿಂದ ಬೆಳಿಗ್ಗೆ ಆರರ ಬಸ್ಸು ಹಿಡಿದೆ. ಜಹೀರಾಬಾದಿನಲ್ಲಿ ಬರೀ ಚಹಾ ಕುಡಿದೆ. ಎರಡು ವರ್ಷದ ಹಿಂದೆ ಆಡಬೇಕಿದ್ದ ಮಾತೊಂದನ್ನು ಆಡಲು ಹೈದರಾಬಾದಿಗೆ ಹೊರಟಿದ್ದೆ.

ಆಗ ನಾನು ಹೈದರಾಬಾದಿನ ಕುಷಾಯಿಗೂಡದ ಒಂದು ನರ್ಸರಿಯಲ್ಲಿ ಮೇಲ್ವಿಚಾರಕ. ಐಟಿ ಕಂಪನಿಗಳ ಕಟ್ಟಡಗಳು ಒಂದರ ಹಿಂದೊಂದು ಏಳುತ್ತಿದ್ದವು. ಎಲ್ಲರ ಅಂಗಳಕ್ಕೂ ಹೂ ಬೇಕಿತ್ತು. ಆ ಅಂಗಳಗಳಲ್ಲೇ ಕತ್ತರಿಸಿದ ಹುಲ್ಲು, ಎಲೆ, ರೆಂಬೆಗಳನ್ನು ನರ್ಸರಿಗೆ ತಂದು ಕೊಳೆಸಿ ಗೊಬ್ಬರ ಮಾಡುತ್ತಿದ್ದವಳು ರಾಯಚೂರು ಕಡೆಯ ಶರಣಮ್ಮ. ಒಂದು ದಿನ ರಾಶಿಯೊಳಗೆ ಕೈ ತೂರಿಸಿ, “ಒಳಗ ಇನ್ನೂ ಬಿಸಿ ಐತ್ರಿ ಸಾಹೇಬ್ರ. ಮಾಗಾಕ ಇನ್ನೊಂದು ತಿಂಗಳು ಬಿಡ್ರಿ,” ಅಂದಳು. ಆರ್ಡರ್ ಕೈತಪ್ಪುವ ಭಯಕ್ಕೆ ನಾನು ಕೇಳಲಿಲ್ಲ. ಮಣ್ಣನ್ನೂ ಬೆರೆಸದೆ ಚೀಲಗಳಿಗೆ ತುಂಬಿಸಿ ಸಸಿ ನೆಡಿಸಿದೆ. ವಾರದೊಳಗೆ ಚೆಂಡುಹೂ, ಪೆಟುನಿಯಾ ಸಸಿಗಳೆಲ್ಲ ಹಳದಿ ತಿರುಗಿ ಸುಟ್ಟುಹೋದವು. “ಯಾರ ಕೆಲಸ ಇದು?” ಎಂದು ಮಾಲೀಕರು ಕೇಳಿದಾಗ ನಾನು ನೆಲ ನೋಡುತ್ತ ನಿಂತೆ. ಶರಣಮ್ಮ ನನ್ನ ಮುಖವನ್ನೇ ನೋಡಿದಳು. ಸಂಜೆಗೆ ಅವಳನ್ನು ಕೆಲಸದಿಂದ ತೆಗೆದರು.

ಹತ್ತೂವರೆಗೆ ನಗರ ತಲುಪಿ, ಸಿಟಿ ಬಸ್ಸಿನಲ್ಲಿ ನರ್ಸರಿಗೆ ಹೋದೆ. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಗೊಬ್ಬರವನ್ನು ಈಗ ಮೂರು ತಿಂಗಳು ಮಾಗಿಸಿ, ಜರಡಿ ಹಿಡಿದು, ಕೆಂಪು ಮಣ್ಣಿನೊಂದಿಗೆ ಬೆರೆಸುತ್ತಾರೆ. ಚೆಂಡುಹೂಗಳು ಸಾಲುಗಟ್ಟಿ ಅರಳಿದ್ದವು. ಮಾಲೀಕರಿಗೆ ನಡೆದದ್ದೆಲ್ಲ ಹೇಳಿದೆ. ಶರಣಮ್ಮ ನಾಳೆಯೇ ಕೆಲಸಕ್ಕೆ ಬರಲಿ ಎಂದು ಅವರು ಹಿಂದಿಯಲ್ಲಿ ಹೇಳಿದರು. ಕಳೆ ಕೀಳುತ್ತಿದ್ದ ಹೆಂಗಸೊಬ್ಬಳು ಅವಳು ನಗರದ ಇನ್ನೊಂದು ತುದಿಯ ಮಾದಾಪುರದಲ್ಲಿ ಕಟ್ಟಡದ ಕೆಲಸಕ್ಕಿದ್ದಾಳೆಂದು ತಿಳಿಸಿದಳು.

ಎರಡು ಬಸ್ಸು ಬದಲಿಸಿ ಅಲ್ಲಿಗೆ ಮುಟ್ಟಿದಾಗ ಊಟದ ಹೊತ್ತು. ಶರಣಮ್ಮ ಇಟ್ಟಿಗೆ ರಾಶಿಯ ನೆರಳಿನಲ್ಲಿ ರೊಟ್ಟಿ ತಿನ್ನುತ್ತಿದ್ದಳು.

“ಮಾಲಕರಿಗೆ ಖರೇ ಹೇಳೀನಿ ಶರಣಮ್ಮ. ತಪ್ಪು ನಂದಿತ್ತು. ನಾಳಿಂದ ಬಾ ಅಂದಾರ.”

ಅವಳು ರೊಟ್ಟಿ ಕೆಳಗಿಟ್ಟಳು. “ಸಸಿ ಸುಟ್ಟಾಕಿ ಅಂತ ಯಾವ ನರ್ಸರ್ಯಾಗೂ ನನ್ನ ಒಳಗ ಬಿಡಲಿಲ್ರಿ. ಅವತ್ತ ಒಂದ್ ಮಾತು ಅಂದಿದ್ರ ಸಾಕಿತ್ತು.”

“ಈಗ ಬರ್ತೀಯಲ್ಲ?”

“ಒಲ್ಲೆರಿ. ಮತ್ತ ಸಸಿ ಸತ್ರ ಎಲ್ಲಾರೂ ಯಾರ ಕಡೆ ನೋಡ್ತಾರ ಅಂತ ನನಗ ಗೊತ್ತೈತಿ.” ಸ್ವಲ್ಪ ತಡೆದು, “ಊಟ ಆಗೇತೇನ್ರಿ?” ಅಂದಳು.

ಆಗಿರಲಿಲ್ಲ. “ಆಗೇತಿ,” ಅಂದೆ. ಅಷ್ಟರಲ್ಲಿ ಮೇಸ್ತ್ರಿ ಕೂಗಿದ. ಅವಳು ಸಿಮೆಂಟ್ ಬುಟ್ಟಿ ಹೊತ್ತು ಮೆಟ್ಟಿಲೇರಿ ಹೋದಳು.

ಸಂಜೆ ನಾಲ್ಕರ ಬಸ್ಸಿಗೆ ಮರಳಿದೆ. ನಿಜ ಹೇಳಿ ಬಂದೆನೆಂದು ಮನಸ್ಸು ಸ್ವಲ್ಪ ಹಗುರವಾಗಿತ್ತು. ಪಟಾನ್‌ಚೆರು ದಾಟಿದ ಮೇಲೆ ನೆನಪಾಯಿತು: ಅವಳ ಕ್ಷಮೆಯನ್ನೇ ನಾನು ಕೇಳಿರಲಿಲ್ಲ.