ನೀರು ಚೆಲ್ಲಿದ್ದು ನಾನೇ

ಸರ್ಕಾರಿ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಅವಳನ್ನು ಎಲ್ಲರೂ ಬಿಸಿನೀರಕ್ಕ ಎನ್ನುತ್ತಿದ್ದರು. ಎದ್ದು ಕೂರಲಾಗದವರ ಮೈ ಒರೆಸುವುದು, ಹಾಸಿಗೆ ಬದಲಿಸುವುದು, ಕೆಳಗಿನ ಅಡುಗೆಮನೆಯ ಒಲೆಯಿಂದ ಬಕೆಟ್ಟಿನಲ್ಲಿ ಬಿಸಿನೀರು ಹೊತ್ತು ತರುವುದು ಅವಳ ಕೆಲಸ. ಕಾಯಂ ನೌಕರಿಯೇನಲ್ಲ. ಕಾಂಟ್ರ್ಯಾಕ್ಟಿನವನು ಇವತ್ತು ಬೇಡ ಅಂದರೆ ನಾಳೆ ಇಲ್ಲ. ಆದರೆ ಬೆಳಗಿನ ಪಾಳಿಯಲ್ಲಿ ಅವಳು ಕಾಣದಿದ್ದರೆ ವಾರ್ಡಿನ ಮುದುಕಿಯರು ಬೇರೆ ಯಾರಿಗೂ ಮೈ ಮುಟ್ಟಗೊಡುತ್ತಿರಲಿಲ್ಲ.

ಅದಕ್ಕೊಂದು ಕಾರಣವಿತ್ತು. ಹಾಸಿಗೆಯಲ್ಲೇ ಉಚ್ಚೆ ಹೊಯ್ದುಕೊಂಡ ಹೆಂಗಸಿಗೆ ಕಾಯಿಲೆಗಿಂತ ನಾಚಿಕೆ ದೊಡ್ಡದು. ನೋಡಲು ಬಂದ ಅಳಿಯನೋ ಬೀಗರೋ ಪಕ್ಕದಲ್ಲೇ ನಿಂತಿರುತ್ತಾರೆ, ಮಂಚದಿಂದ ತೊಟ್ಟಿಕ್ಕುತ್ತಿರುತ್ತದೆ. ಆಗ ಬಿಸಿನೀರಕ್ಕ ಬೇಕೆಂದೇ ಒಂದು ಮಗ್ ನೀರನ್ನು ಮಂಚದ ಮೇಲೆ, ಕೆಳಗೆ ಎಲ್ಲಾ ಸುರಿದುಬಿಡುತ್ತಿದ್ದಳು.

"ಅಯ್ಯೋ, ನನ್ ಕೈ ಸೇದ್ಹೋಗ! ನೀರು ಚೆಲ್ಲಿದ್ದು ನಾನೇ ಸ್ವಾಮಿ. ಒಂಚೂರು ಆಚೆ ನಿಂತ್ಕೊಳ್ಳಿ, ಒರೆಸಿಬಿಡ್ತೀನಿ."

ನರ್ಸಮ್ಮ ಎಲ್ಲರೆದುರು ಉಗಿಯುತ್ತಿದ್ದಳು. ಬೈಗುಳ ಇವಳಿಗೆ, ಮಾನ ರೋಗಿಗೆ. ಲೆಕ್ಕ ಚುಕ್ತಾ. ಹೀಗೆ ಎಷ್ಟು ಜನರ ಉಚ್ಚೆಯನ್ನು ತನ್ನ ಹೆಸರಿಗೆ ಬರೆಸಿಕೊಂಡಿದ್ದಳೋ ಅವಳಿಗೇ ಗೊತ್ತಿರಲಿಲ್ಲ.

ಅವಳಿದ್ದದ್ದು ತಮ್ಮನ ಮನೆಯಲ್ಲಿ. ಗಂಡ ಬೇರೊಬ್ಬಳ ಹಿಂದೆ ಹೋದ ಮೇಲೆ ಬಂದು ಸೇರಿದ್ದಳು. ಸೇರಿದ್ದಳು ಅನ್ನುವುದೂ ಪೂರ್ತಿ ನಿಜವಲ್ಲ. ಆ ಮನೆಯ ಗೋಡೆ ಏಳುವಾಗ ಇಟ್ಟಿಗೆ ಹೊತ್ತವಳು ಅವಳೇ. ತಮ್ಮ ರಸ್ತೆ ತಿರುವಿನಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದ. ಗಾಳಿ ತುಂಬಿದ ಟ್ಯೂಬನ್ನು ಮೊದಲು ಕೆನ್ನೆಗೆ, ಆಮೇಲೆ ಕಿವಿಗೆ ಹಿಡಿಯುತ್ತಿದ್ದ. ಎಂಥ ಸೂಜಿಮೊನೆಯ ತೂತಿದ್ದರೂ ಸುಯ್ ಅನ್ನುವ ಸದ್ದು ಅವನಿಗೆ ಸಿಗುತ್ತಿತ್ತು. ಬೇರೆಯವರ ಹಾಗೆ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ನೋಡುವುದು ಅವನಿಗೆ ಅವಮಾನ.

ಹಿತ್ತಿಲ ಕಡೆ, ಬಚ್ಚಲಿಗೆ ಅಂಟಿಕೊಂಡ ಸಣ್ಣ ಕೋಣೆ ಬಿಸಿನೀರಕ್ಕನದು. ಒಂದು ಟ್ರಂಕು, ಒಂದು ಚಾಪೆ, ಬಟ್ಟೆ ತೂಗಲು ಗೋಡೆಯಲ್ಲೊಂದು ಮೊಳೆ. ತಮ್ಮನಿಗೆ ಮಗಳು ಹುಟ್ಟಿದಾಗ ಅವನ ಹೆಂಡತಿ ಒಂದು ಕಾನೂನು ಮಾಡಿದಳು.

"ಬೇಜಾರು ಮಾಡ್ಕೋಬೇಡಿ ಅಕ್ಕಾ. ಆಸ್ಪತ್ರೆಯಿಂದ ಬಂದ್ರೆ ಹಿತ್ತಿಲ ಬಾಗಿಲಿಂದಾನೇ ಬನ್ನಿ. ತಲೆಗೆ ನೀರ್ ಹಾಕ್ಕೊಂಡು, ಬಟ್ಟೆ ಒಗೆದು, ಆಮೇಲೆ ಮಗು ಮುಟ್ಟಿ."

"ಅದ್ರಲ್ಲಿ ಬೇಜಾರೇನಮ್ಮಾ? ಆ ವಾರ್ಡಲ್ಲಿರೋ ರೋಗ ಎಲ್ಲಾ ನಂಗೊತ್ತು. ನೀನು ಹೇಳ್ದಿದ್ರೂ ಮಾಡ್ತಿದ್ದೆ."

ಮಗು ನಡೆಯಲು ಕಲಿತ ಮೇಲೆ ಬಚ್ಚಲ ಬಾಗಿಲಿಗೆ ಬೆನ್ನು ಕೊಟ್ಟು ಕಾಯುತ್ತಾ ಕೂರತೊಡಗಿತು.

"ಅತ್ತೇ, ಆಯ್ತಾ?"

"ಇನ್ನೊಂದು ಚೊಂಬು ಕಣೇ ನನ್ನವ್ವ."

"ಈಗ ಆಯ್ತಾ?"

"ಇರೇ, ಕಿವಿ ಹಿಂದೆ ಉಜ್ಜಿಲ್ಲ. ಅಲ್ಲೊಂದು ರೋಗ ಅಡಗಿ ಕೂತಿದೆ, ಓಡಿಸ್ತೀನಿ."

ಆಮೇಲೆ ಇಬ್ಬರೂ ಆ ಚಾಪೆಯ ಮೇಲೆ ಮಧ್ಯಾಹ್ನದ ನಿದ್ದೆ. ಮಗುವಿನ ಒಂದು ಕಾಲು ಅತ್ತೆಯ ಹೊಟ್ಟೆಯ ಮೇಲೆ. ಬಿಸಿನೀರಕ್ಕನಿಗೆ ಬದುಕಿನಲ್ಲಿ ಅಷ್ಟು ಬಿಟ್ಟರೆ ತನ್ನದು ಅನ್ನುವಂಥದ್ದು ಬೇರೇನೂ ಇರಲಿಲ್ಲ.

ಅಷ್ಟರಲ್ಲಿ ನೀರಿನ ಬಿಲ್ಲು ಬಂತು. ನೋಡಿ ತಮ್ಮ ಮೊದಲು ನಕ್ಕ. "ಯಾವುದೋ ಲಾಡ್ಜಿನ ಬಿಲ್ಲು ನಮ್ಮನೆಗೆ ಎಸೆದು ಹೋಗಿದ್ದಾನೆ ಕಣೇ" ಅಂದ. ಮೀಟರಿನ ನಂಬರು ತನ್ನದೇ ಎಂದು ಗೊತ್ತಾದಾಗ ನಗು ಇಳಿಯಿತು. ಮುಂದಿನದು ಅದಕ್ಕಿಂತ ದೊಡ್ಡದಾಗಿ ಬಂತು. ನೀರಿನ ಆಫೀಸಿಗೆ ಅಲೆದು ಅಲೆದು ಕೊನೆಗೊಬ್ಬ ಪರಿಶೀಲನೆಗೆ ಬಂದ. ನೆಲವನ್ನು ಬೂಟುಗಾಲಲ್ಲಿ ಒದ್ದು ನೋಡಿದ, ಗೋಡೆ ಸವರಿದ.

"ಎಲ್ರೀ ಒದ್ದೆ? ಒದ್ದೆ ಇಲ್ದೆ ಸೋರಿಕೆ ಇಲ್ಲ. ಮೀಟರ್ ಪಕ್ಕಾ ಇದೆ. ಬಳಸಿದ್ದೀರಿ, ಕಟ್ಟಿ."

ಆಫೀಸಿನ ಭಾಷೆಯಲ್ಲಿ ಮೀಟರ್ ದಾಟಿದ್ದೆಲ್ಲ ಬಳಕೆ. ಕುಡಿದದ್ದೂ ಬಳಕೆ, ತೊಳೆದದ್ದೂ ಬಳಕೆ, ಯಾರ ಗಂಟಲಿಗೂ ಇಳಿಯದೆ ಪಾತಾಳ ಸೇರಿದ್ದೂ ಬಳಕೆ. ದಬಾಯಿಸಿ ಕೇಳುವವನ ಮನೆಯಲ್ಲಾದರೆ ಅದೇ ನೀರಿನ ಹೆಸರು ಸೋರಿಕೆ ಎಂದು ಬದಲಾಗುತ್ತದೆ, ಅದು ಬೇರೆ ಮಾತು. ಬಡವನಿಗೆ ಕಳ್ಳ ಹೊರಗೆ ಸಿಗದಿದ್ದರೆ ಮನೆಯೊಳಗೆ ಹುಡುಕುವುದೊಂದು ಚಾಳಿ. ಆ ಮನೆಯಲ್ಲಿ ಹುಡುಕಬೇಕಾದ ಕಷ್ಟವೂ ಇರಲಿಲ್ಲ.

"ನೀರುಕೋಳಿ ಬಂತು ನೋಡ್ರೀ" ಎಂದಳು ತಮ್ಮನ ಹೆಂಡತಿ, ಬಿಸಿನೀರಕ್ಕ ಹಿತ್ತಿಲ ಬಾಗಿಲು ತೆರೆದ ಒಂದು ಮಧ್ಯಾಹ್ನ. ಮೊದಲು ತಮಾಷೆಗೆ. ಆಮೇಲೆ ತಮಾಷೆ ಹೋಯಿತು, ಹೆಸರು ಉಳಿಯಿತು. ಬಕೆಟ್ಟಿಗೆ ಬಣ್ಣದಲ್ಲಿ ಗೆರೆ ಎಳೆದರು; ಅದರ ಮೇಲೆ ತುಂಬುವ ಹಾಗಿಲ್ಲ. ಬಿಸಿನೀರಕ್ಕ ಆಸ್ಪತ್ರೆಯಲ್ಲೇ ಮಿಂದು ಬರತೊಡಗಿದಳು.

"ಅಲ್ಲಿ ಮಿಂದದ್ದು ಮಿಂದ ಹಾಗಾ ಅಕ್ಕಾ? ಫಿನಾಯ್ಲ್ ವಾಸನೆ ಇಲ್ಲಿಗೇ ಹೊಡೀತಿದೆ. ಮಗು ಮುಟ್ಬೇಡಿ."

ಮಿಂದರೆ ನೀರುಗಳ್ಳಿ. ಮೀಯದಿದ್ದರೆ ಮಗು ಇಲ್ಲ. ಅವಳು ಗೆರೆಯ ಅರ್ಧಕ್ಕೆ ನೀರು ಹಿಡಿದು, ಅದರಲ್ಲೇ ತಲೆಯಿಂದ ಕಾಲಿನವರೆಗೆ ಮುಗಿಸುವುದನ್ನು ಕಲಿತಳು.

ಒಂದು ದಿನ ತಮ್ಮ ಊಟಕ್ಕೆ ಬಂದವನು ಗೇಟಿನ ಬಳಿ ಬಗ್ಗಿ ಮೀಟರ್ ನೋಡಿದ. ಒಳಗಿನ ಸಣ್ಣ ಚಕ್ರ ಗರಗರ ತಿರುಗುತ್ತಿತ್ತು.

"ಅಕ್ಕಾ! ನಲ್ಲಿ ನಿಲ್ಸೇ!"

ಮಲಗಿದ್ದ ಬಿಸಿನೀರಕ್ಕ ಎದ್ದು ಬಂದಳು. "ನಾನೆಲ್ಲಿ ಬಿಟ್ಟಿದ್ದೀನೋ? ಈಗ ಎದ್ದೆ."

"ಹಾಗಾದ್ರೆ ಮೀಟರ್ ಏನು ದೆವ್ವ ತಿರುಗಿಸ್ತಿದ್ಯಾ?"

"ನೋಡೋ ಬೇಕಾದ್ರೆ" ಎಂದು ಅವಳು ಎರಡೂ ಕೈ ಮುಂದೆ ಚಾಚಿದಳು. ಒಣಗಿದ ಕೈ. ಸೋಪಿನ ನೀರಿಗೆ ಬಿರಿದು, ಉಗುರಿನ ಸುತ್ತ ಸುಲಿದ ಕೈ. ತಮ್ಮ ನೋಡಲಿಲ್ಲ. ಮೀಟರನ್ನೇ ನೋಡುತ್ತಿದ್ದ.

ಆ ದಿನಗಳಲ್ಲೇ ಅವಳ ಎಡಗಿವಿ ಕೆಟ್ಟದ್ದು. ಕೋಣೆಯಲ್ಲಿ ಮಗ್ಗುಲಾಗಿ ಮಲಗಿದರೆ ಕಿವಿಯೊಳಗೆ ಯಾರೋ ಹಲ್ಲುಸಂದಿಯಲ್ಲಿ ಉಸಿರು ಬಿಟ್ಟಂತೆ ಒಂದೇ ಸಮನೆ ಸದ್ದು. ವಾರ್ಡಿನಲ್ಲಿ ಹೇಳಿಕೊಂಡಾಗ ನರ್ಸಮ್ಮ ಇಣುಕಿ ನೋಡಿ, "ವಯಸ್ಸಾಯ್ತಲ್ಲ ಬಿಸಿನೀರಕ್ಕ, ಕಿವಿ ಸೀಟಿ ಹೊಡೀತಿದೆ" ಎಂದು ಹನಿ ಹಾಕುವ ಔಷಧಿ ಕೊಟ್ಟಳು. ಮನೆಯಲ್ಲಿ ಹೇಳಲಿಲ್ಲ. ನೀರಿನ ಜೊತೆಗೆ ಈಗ ಕಿವಿಯೂ ಖರ್ಚಿಗೆ ಬಂತು ಎಂದಾರು.

ನೀರಿನ ಆಫೀಸಿನಲ್ಲಿ ಅಹವಾಲು ಸಭೆ ಇಟ್ಟರು. ಮನೆಯವರೆಲ್ಲ ಬರಬೇಕೆಂದು ಹೇಳಿಕಳಿಸಿದ್ದರು. ಫ್ಯಾನಿನ ಕೆಳಗೆ ಸಾಹೇಬ, ಎದುರು ಬೆಂಚಿನಲ್ಲಿ ಇವರು. ತಮ್ಮ ವಾದಿಸಿದ. "ನಾವೇನು ಆನೆ ಸಾಕಿದ್ದೀವಾ ಸಾರ್? ಇರೋದು ಮೂರೂವರೆ ಜನ." ಸಾಹೇಬ ಪೆನ್ನಿನ ಕ್ಯಾಪು ಹಾಕಿ ತೆಗೆದು ಮಾಡುತ್ತಿದ್ದ.

"ಬಳಸಿಲ್ಲ ಅಂತ ತಕರಾರು ಮಾಡೋದಾದ್ರೆ ತೀರ್ಮಾನ ಆಗೋವರೆಗೆ ನಲ್ಲಿ ಬಂದ್. ಒಪ್ಕೊಂಡ್ರೆ ಕಂತು ಮಾಡಿಕೊಡ್ತೀನಿ. ಮನೇಲಿ ಜಾಸ್ತಿ ನೀರು ಯಾರು ಬಳಸೋದು?"

ತಮ್ಮ ನೆಲ ನೋಡಿದ. ತಮ್ಮನ ಹೆಂಡತಿ ಬಿಸಿನೀರಕ್ಕನ ಮುಖ ನೋಡಿದಳು. ತಾಯಿಯ ಮುಖ ನೋಡಿ ಮಗುವೂ ಅತ್ತೆಯ ಕಡೆ ತಿರುಗಿತು. ನಲ್ಲಿ ನಿಂತರೆ ಮಗು ಕಟ್ಟಿಕೊಂಡು ತವರಿಗೆ ಹೋಗುತ್ತೇನೆಂದು ತಮ್ಮನ ಹೆಂಡತಿ ಬೆಳಿಗ್ಗೆಯೇ ಹೇಳಿದ್ದಳು. ಅಭ್ಯಾಸಬಲ ಅನ್ನುವುದೊಂದು ಇದೆಯಲ್ಲ, ಬಿಸಿನೀರಕ್ಕನ ಬಾಯಿ ತಾನಾಗಿ ತೆರೆಯಿತು.

"ನೀರು ಚೆಲ್ಲಿದ್ದು ನಾನೇ ಸ್ವಾಮಿ."

"ಮುಗೀತಲ್ಲ" ಎಂದ ಸಾಹೇಬ.

ತಮ್ಮ ಇಲ್ಲ ಸಾರ್ ಅನ್ನಬಹುದಿತ್ತು. ವಾರ್ಡಿನ ಮುದುಕಿಯರಿಗಾದರೂ ಮಾತಾಡುವ ತ್ರಾಣವಿರಲಿಲ್ಲ, ಇವನು ಗಟ್ಟಿಮುಟ್ಟಾಗಿದ್ದ. ಅನ್ನಲಿಲ್ಲ. ವಾಪಸು ಬರುವಾಗ ದಾರಿಯಲ್ಲಿ ಅವಳಿಗೊಂದು ಟೀ ಕೊಡಿಸಿದ. ಬೈದಿದ್ದರೆ ಇದ್ದುಬಿಡುತ್ತಿದ್ದಳೇನೋ; ಅವಳನ್ನು ಮನೆಯಿಂದ ಕಳಿಸಿದ್ದು ಆ ಟೀ. ವಾರ ಕಳೆಯುವುದರೊಳಗೆ ಆಸ್ಪತ್ರೆಯ ದೋಬಿಖಾನೆಯ ಹಿಂದಿನ ಕೋಣೆಯಲ್ಲಿ ಇನ್ನೊಬ್ಬ ಆಯಾಳ ಜೊತೆ ಚಾಪೆ ಹಾಸಿದಳು. "ಪಾಳಿಗೆ ಹತ್ತಿರ ಆಗುತ್ತೆ" ಎಂದು ಹೇಳಿ ಬಂದಿದ್ದಳು. ಮಗುವಿಗೆ ಏನು ಹೇಳಿದಳೋ ಗೊತ್ತಿಲ್ಲ. ಟ್ರಂಕು ಅಲ್ಲೇ ಬಿಟ್ಟಿದ್ದಳು. ಪೂರ್ತಿ ಹೊರಟುಬಂದೆ ಅನ್ನಿಸಬಾರದಲ್ಲ.

ನೀರುಕೋಳಿ ಹೋದ ಮೇಲೂ ಬಿಲ್ಲು ಇಳಿಯಲಿಲ್ಲ.

ತಮ್ಮ ದೋಬಿಖಾನೆ ಹುಡುಕಿಕೊಂಡು ಬಂದ. ಬಿಲ್ಲಿನ ಮಾತೆತ್ತದೆ ಹೊಸ್ತಿಲ ಮೇಲೆ ಕೂತ. ಅವಳು ಟೀ ಮಾಡಿಕೊಟ್ಟಳು.

"ಹೇಗಿದ್ದೀಯೇ?"

"ನಂಗೇನೋ, ಗುಂಡುಕಲ್ಲಿದ್ದ ಹಾಗಿದ್ದೀನಿ. ಕಿವೀನೂ ವಾಸಿಯಾಯ್ತು."

"ಕಿವಿಗೇನಾಗಿತ್ತು?"

"ಅಲ್ಲಿ ಕೋಣೇಲಿ ಮಲಗಿದ್ರೆ ಎಡಗಿವೀಲಿ ಸುಯ್ ಅಂತ ಒಂದೇ ಸಮ. ನಿನ್ ಟ್ಯೂಬಿಂದ ಗಾಳಿ ಹೋದ ಹಾಗೆ. ಆ ಔಷಧಿ ಹಾಕಿದ್ದು ಈಗ ಹಿಡೀತು ಅನ್ಸುತ್ತೆ, ಇಲ್ಲಿಗೆ ಬಂದ ಮೇಲೆ ಒಂಚೂರೂ ಇಲ್ಲ."

ತಮ್ಮ ಲೋಟ ಕೆಳಗಿಟ್ಟ. ಟೀ ಅರ್ಧ ಹಾಗೇ ಇತ್ತು.

ಮನೆಗೆ ಹೋದವನೇ ಆ ಕೋಣೆಯ ನೆಲದ ಮೇಲೆ, ಅವಳ ಚಾಪೆಯಿದ್ದ ಜಾಗದಲ್ಲಿ, ಎಡಗಿವಿ ಊರಿ ಮಲಗಿದ. ಊರಿನ ಸೈಕಲ್ಲು, ಲಾರಿಗಳ ತೂತನ್ನೆಲ್ಲ ಕಿವಿಯಲ್ಲೇ ಹುಡುಕಿದವನು. ತನ್ನ ಅಕ್ಕ ಮಲಗುವ ನೆಲಕ್ಕೆ ಅಲ್ಲಿಯವರೆಗೆ ಕಿವಿ ಕೊಟ್ಟಿರಲಿಲ್ಲ. ನೆಲ ಒಡೆಸಿದಾಗ ಕೆಳಗೆ ಪೈಪು ಉದ್ದಕ್ಕೆ ಸೀಳಿತ್ತು. ನೀರು ಮೇಲೆ ಬಾರದೆ ಹಳೆಯ ಪಾಯಖಾನೆ ಗುಂಡಿಗೆ ದಾರಿ ಮಾಡಿಕೊಂಡಿತ್ತು. ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆ ಹೋಗಿ ಬಕೆಟ್ಟಿನ ಗೆರೆಯನ್ನು ತೆಂಗಿನನಾರು ಹಾಕಿ ಉಜ್ಜಿದಳು. ಬಣ್ಣ ಹೋಗಲಿಲ್ಲ.

ಸೀಳಿದ ಪೈಪು ಹಿಡಿದುಕೊಂಡು, ಅಕ್ಕನನ್ನೂ ಕರೆದುಕೊಂಡು, ತಮ್ಮ ಮತ್ತೆ ಆಫೀಸಿಗೆ ಹೋದ. ಸಾಹೇಬ ಪೈಪನ್ನು ಮೇಜಿನ ಮೇಲೆ ಇಡಗೊಡಲಿಲ್ಲ.

"ಕಣ್ಣಿಗೆ ಕಾಣದ ಸೋರಿಕೆಗೆ ರಿಯಾಯಿತಿ ಇದೆ ಕಣಯ್ಯ. ಆದ್ರೆ ನಿಮ್ಮವರೇ ಬಳಸಿದ್ದೀನಿ ಅಂತ ಒಪ್ಕೊಂಡಿದ್ದಾರಲ್ಲ." ಅವಳ ಕಡೆ ತಿರುಗಿದ. "ಏನಮ್ಮಾ, ಅವತ್ತು ಹೇಳಿದ್ದು ಸುಳ್ಳೋ, ಇವತ್ತಿಂದು ಸುಳ್ಳೋ?"

"ಅವತ್ತಿಂದು ಸ್ವಾಮಿ."

"ಮತ್ಯಾಕೆ ಹೇಳ್ದೆ?"

"ಎಲ್ರೂ ನನ್ ಮುಖ ನೋಡ್ತಿದ್ರು."

ಸಾಹೇಬನಿಗೆ ಇದನ್ನು ಯಾವ ಕಲಮಿನಡಿ ಸೇರಿಸಬೇಕೆಂದು ತಿಳಿಯಲಿಲ್ಲ. ಅರ್ಜಿ ವಜಾ ಎಂದ. ಹೊರಗೆ ಬಂದಾಗ ತಮ್ಮ ಪೈಪನ್ನು ಮೋರಿಗೆ ಎಸೆದ.

"ಬಾರೇ ಅಕ್ಕಾ ಮನೆಗೆ. ನೆಲಕ್ಕೆ ಹೊಸ ಸಿಮೆಂಟ್ ಹಾಕ್ಸಿದ್ದೀನಿ."

ಬಂದಳು. ಮುಂಬಾಗಿಲು ತೆರೆದೇ ಇದ್ದರೂ ಅವಳ ಕಾಲು ಹಿತ್ತಿಲಿಗೆ ತಿರುಗಿತು. ಅಡುಗೆಮನೆಯ ಹೊರಗೆ ನಿಂತು ಕೇಳಿದಳು: "ಕಾಲು ತೊಳ್ಕೊಳ್ಳೋಕೆ ಒಂದು ಚೊಂಬು ನೀರು ತಗೊಳ್ಲಾ?"

"ಅಯ್ಯೋ, ಕೇಳ್ಬೇಕಾ ಅಕ್ಕಾ!" ಎಂದಳು ತಮ್ಮನ ಹೆಂಡತಿ ಒಳಕೋಣೆಯಿಂದ. ಆ ದನಿಯಲ್ಲಿ ಕಪಟವಿರಲಿಲ್ಲ. ಅಳುತ್ತಿದ್ದಳೇನೋ.

ಅಷ್ಟರಲ್ಲಿ ಮಗು ಓಡಿಬಂತು. ಅತ್ತೆಗೆ ತಾನೇ ನೀರು ಕೊಡುತ್ತೇನೆಂದು ಕೊಡದಲ್ಲಿ ಚೊಂಬು ಅದ್ದಿ ಎತ್ತಿತು. ಭಾರಕ್ಕೆ ಕೈ ಜಾರಿತು. ಚೊಂಬು ಠಣ್ ಎಂದು ಉರುಳಿ ನೀರೆಲ್ಲ ನೆಲದ ಪಾಲಾಯಿತು.

"ಯಾರೇ ಅದು ನೀರು ಚೆಲ್ಲಿದ್ದು?" ಒಳಗಿನಿಂದ ಕೂಗು ಬಂತು. ಬೇಕೆಂದು ಕೂಗಿದ್ದಲ್ಲ, ಆ ಮನೆಯ ನಾಲಿಗೆಯೇ ಹಾಗೆ ಪಳಗಿಹೋಗಿತ್ತು.

"ಅತ್ತೆ" ಎಂದಿತು ಮಗು. ಹೆದರಿಯೂ ಅಲ್ಲ, ಕದ್ದೂ ಅಲ್ಲ. ಬೆಕ್ಕು ಮ್ಯಾಂವ್ ಅನ್ನುತ್ತದೆ, ಅತ್ತೆ ನೀರು ಚೆಲ್ಲುತ್ತಾಳೆ.

ತಮ್ಮ ಬಾಗಿಲಲ್ಲೇ ನಿಂತಿದ್ದ, ಎಲ್ಲ ಕಂಡಿದ್ದ. ಬಾಯಿ ತೆರೆದ. ಬಿಸಿನೀರಕ್ಕ ಅವನಿಗಿಂತ ಮೊದಲಾದಳು.

"ಹೂಂ ಕಣಮ್ಮಾ, ಚೆಲ್ಲಿದ್ದು ನಾನೇ" ಎಂದು ಒರೆಸುವ ಬಟ್ಟೆ ತೆಗೆದುಕೊಂಡಳು. ನೆಲವನ್ನು ಮೂಲೆಮೂಲೆಗೂ ಒರೆಸಿ, ಬಟ್ಟೆ ಹಿಂಡಿ ಒಣಗಹಾಕಿದಳು. ಆಮೇಲೆ ಕೋಣೆಗೆ ಹೋಗಿ ಟ್ರಂಕು ಎತ್ತಿಕೊಂಡಳು. ಈ ಸಲ ಅದನ್ನು ಬಿಟ್ಟುಹೋಗಲಿಲ್ಲ.