ಬಾಡಿಗೆಯವರನ್ನು ಬದಲಾಯಿಸಿದ್ದು

ಮೇಲಿನ ಮನೆಯಿಂದ ನಾವು ಮೊದಲು ಖಾಲಿ ಮಾಡಿಸಿದ್ದು ಯಾರನ್ನು ಎಂಬುದರಲ್ಲಿ ನನಗೂ ಅಮ್ಮನಿಗೂ ಒಮ್ಮತವಿಲ್ಲ. ಬಾಗಲಕೋಟೆ ಕಡೆಯ ಗಂಡ ಹೆಂಡತಿಯನ್ನು ಎಂದು ನನ್ನ ನೆನಪು. ಅವರಿಗಿಂತ ಮುಂಚೆ ಕಾಲೇಜು ಹುಡುಗರಿದ್ದರು, ಮೊದಲು ಹೋದವರು ಅವರೇ ಎನ್ನುತ್ತಾಳೆ ಅಮ್ಮ. ನಾನು ಹೇಳುವುದರಲ್ಲಿ ಇಂಥವು ಇನ್ನೂ ಕೆಲವು ತಪ್ಪಿರಬಹುದು. ಡೈರಿ ಬರೆಯುವ ಅಭ್ಯಾಸವೇನೋ ಇದೆ. ಆದರೆ ಆ ವರ್ಷದ ಡೈರಿಯಲ್ಲಿ ಕಾವೇರಿ ನೀರು ಬಂದದ್ದು, ಬಾರದಿದ್ದದ್ದು ಇಷ್ಟೇ ಹೆಚ್ಚು. ತಮ್ಮನ ಬಗ್ಗೆ ಅಲ್ಲೊಂದು ಇಲ್ಲೊಂದು ಸಾಲು: ‘ಇವತ್ತೂ ಊಟ ಬಿಟ್ಟ.’

ನಮ್ಮದು ವಿಜಯನಗರದ ಒಂದು ಅಡ್ಡರಸ್ತೆ. ತಾತ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಅಪ್ಪ ಮನೆ ಕಟ್ಟಿಸಿ, ಮೇಲಿನದನ್ನು ಬಾಡಿಗೆಗೆ ಬಿಟ್ಟು ತೀರಿಕೊಂಡರು. ಕೆಳಗೆ ಅಮ್ಮ, ನಾನು, ತಮ್ಮ. ಹೊಲ ಹೋಗಿ ಬಾಡಿಗೆ ಬಂದ ಮೇಲೆ ನಮ್ಮ ಕಡೆಯವರಿಗೆ ಕಷ್ಟಗಳು ಎರಡೇ ಬಗೆ: ನೀರಿನದು, ಬಾಡಿಗೆಯವರದು. ಹಾಗಾಗಿ ತಮ್ಮ ಆಡಿಟರ್ ಆಫೀಸಿನ ಕೆಲಸ ಬಿಟ್ಟು ಮನೆಯಲ್ಲಿ ಕೂತು, “ಮೇಲಿನವರು ನನ್ನ ವಿಷಯಾನೇ ಮಾತಾಡ್ತಾರೆ” ಎಂದಾಗ ಅಮ್ಮನಿಗೆ ಆಶ್ಚರ್ಯವಾಗಲಿಲ್ಲ. ಸೀದಾ ಮಹಡಿ ಹತ್ತಿದಳು.

“ಏನಮ್ಮ, ನಮ್ಮ ಹುಡುಗನ ವಿಷಯ ನಿಮಗ್ಯಾಕೆ?”

“ಅಯ್ಯ, ನಾವ್ಯಾಕ್ರೀ ಆಂಟಿ ಅವರ ಸುದ್ದಿ ಮಾತಾಡೂಣು?” ಎಂದಳು ಬಾಗಲಕೋಟೆಯ ಹೆಂಗಸು. “ನಮ್ಮ ಮನಿ ಸುದ್ದಿನ ನಮಗ ಮುಗಿಯಂಗಿಲ್ಲ.”

ಆದರೂ ಒಳ್ಳೆಯವರು. ಕುರ್ಚಿಯ ಕಾಲುಗಳಿಗೆ ಬಟ್ಟೆ ಸುತ್ತಿದರು, ದನಿ ತಗ್ಗಿಸಿದರು. ಈಗ ಪಿಸುಗುಟ್ಟಲು ಶುರು ಮಾಡಿದ್ದಾರೆ ಎಂದ ತಮ್ಮ. ಅಮ್ಮನಿಗೆ ಅದು ಸಾಕ್ಷಿಯಾಯಿತು.

ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿದ ನಾನು ಫೋನಿಗೆ ಶಬ್ದ ಅಳೆಯುವ ಆ್ಯಪ್ ಹಾಕಿಕೊಂಡು, ಸ್ಟೂಲ್ ಹತ್ತಿ, ಅದನ್ನು ಸೀಲಿಂಗಿಗೆ ಹಿಡಿದೆ. ಸಿಕ್ಕಿದ್ದು ನಮ್ಮ ಫ್ಯಾನಿನ ಸದ್ದು. ಫ್ಯಾನ್ ಆರಿಸಿದೆ. ಅಮ್ಮನಿಗೆ ಸೆಕೆಯಾಯಿತು. ಸಂಶೋಧನೆ ಅಲ್ಲಿಗೆ ನಿಂತಿತು.

ಊರಿಂದ ನೆಂಟರು ಬಂದು ಇರಲಿದ್ದಾರೆ ಎಂದು ಹೇಳಿ ಬಾಗಲಕೋಟೆಯವರನ್ನು ಕಳಿಸಿದೆವು. ಮುಂದಿನವರನ್ನು ಅಮ್ಮ ಆರಿಸಿ ತಂದಳು: ನಿವೃತ್ತ ಮೇಷ್ಟ್ರು, ಒಬ್ಬರೇ, ಕಿವಿಯೂ ಮಂದ. ಮಾತಾಡಲು ಅವರಿಗೆ ಜನವೇ ಇಲ್ಲ ಎಂಬುದು ಅವಳ ಲೆಕ್ಕ. ಅವರು ಫೋನಿನಲ್ಲಿ ಯಾರಿಗೋ ವರದಿ ಒಪ್ಪಿಸುತ್ತಾರೆ ಎಂದ ತಮ್ಮ. ಮೇಷ್ಟ್ರೂ ಹೋದರು. ಮೇಲಿನ ಮನೆಗೆ ಬೀಗ ಹಾಕಿ ಅಮ್ಮ ಕೀಲಿಕೈಯನ್ನು ದೇವರ ಗೂಡಿನಲ್ಲಿಟ್ಟಳು.

ತಮ್ಮ ನಲ್ಲಿ ಬಿಟ್ಟುಕೊಂಡು ಬಚ್ಚಲಲ್ಲಿ ಕೂರತೊಡಗಿದ್ದು ಆಮೇಲೆ. ನೀರಿನ ಸದ್ದಿದ್ದರೆ ಉಳಿದದ್ದು ಕೇಳಿಸುವುದಿಲ್ಲವಂತೆ. ಸಂಪ್ ಖಾಲಿಯಾಗುತ್ತದೆ ಎಂದು ಅಮ್ಮ ಬಾಗಿಲು ತಟ್ಟಿದಳು. ಹೊರಗೆ ಬಂದವನ ಕೆನ್ನೆ ಒಳಸೇರಿತ್ತು. ಶರ್ಟು ಯಾರದೋ ಅನ್ನುವ ಹಾಗೆ ಜೋಲುತ್ತಿತ್ತು.

“ಮೇಲೆ ಮಾತಾಡ್ತಿದಾರೆ ಕಣಕ್ಕ.”

“ಮೇಲೆ ಯಾರೂ ಇಲ್ವಲ್ಲೋ. ಬೀಗ ಹಾಕಿದೆ.”

“ಅದಕ್ಕೇ ಅವರಿಗೆ ಧೈರ್ಯ ಬಂದಿದೆ.”

ನನಗೆ ಭಯವಾದದ್ದು ಆಗ. ಇನ್ನು ಕಳಿಸಲು ನಮ್ಮ ಬಳಿ ಯಾರೂ ಉಳಿದಿರಲಿಲ್ಲ.

ನಿದ್ದೆ ಬರುತ್ತಿಲ್ಲ ಎಂಬುದನ್ನು ಅವನೂ ಒಪ್ಪುತ್ತಿದ್ದ. ನಿದ್ದೆಗೆಂದೇ ಡಾಕ್ಟರ ಬಳಿ ಹೊರಟೆವು. ಮನೋವೈದ್ಯೆ ಅವನೊಬ್ಬನನ್ನೇ ಕೂರಿಸಿಕೊಂಡು ಬಹಳ ಹೊತ್ತು ಮಾತಾಡಿದರು. ಆಮೇಲೆ ನಮ್ಮನ್ನು ಕರೆದು, ಇಲ್ಲಿಯವರೆಗೆ ಏನು ಮಾಡಿದಿರಿ ಎಂದು ಕೇಳಿದರು. ಬಾಡಿಗೆಯವರನ್ನು ಬದಲಾಯಿಸಿದೆವು ಎಂದಳು ಅಮ್ಮ. ಅವರು ನಗದೆ ಅದನ್ನೂ ಬರೆದುಕೊಂಡರು.

ಸ್ಕಿಜೋಫ್ರೇನಿಯಾ ಎಂಬ ಪದ ಎರಡನೆಯ ಭೇಟಿಯಲ್ಲಿ ಬಂತು ಅನ್ನಿಸುತ್ತದೆ. ಮನೆಯ ದೋಷವೇ ಎಂದು ಅಮ್ಮ ಕೇಳಿದಳು.

“ಮನೇದೂ ಅಲ್ಲ, ನೀವು ಬೆಳೆಸಿದ ರೀತೀದೂ ಅಲ್ಲಮ್ಮ. ಮಿದುಳಿನ ಕಾಯಿಲೆ. ಅವರಿಗೆ ನಿಜವಾಗ್ಲೂ ಕೇಳ್ಸುತ್ತೆ. ಇಲ್ಲ ಅಂತ ವಾದ ಮಾಡ್ಬೇಡಿ, ಹೌದು ಅಂತಾನೂ ಅನ್ಬೇಡಿ.”

“ಮತ್ತೆ ಏನನ್ಲಿ?”

“ನಂಗೆ ಕೇಳಿಸ್ತಿಲ್ಲ, ಆದ್ರೆ ನಿಂಗೆ ಕಷ್ಟ ಆಗ್ತಿದೆ ಅಂತ ಗೊತ್ತಾಗುತ್ತೆ ಅನ್ನಿ.”

ಅಮ್ಮ ಆ ವಾಕ್ಯವನ್ನು ಮೆಟ್ರೋದಲ್ಲಿ ಬಾಯಿಪಾಠ ಮಾಡಿಕೊಂಡು ಬಂದಳು. ಇವತ್ತಿಗೂ ಅದನ್ನು ವಾರ್ತೆ ಓದುವವರ ಹಾಗೆ ಹೇಳುತ್ತಾಳೆ. ಹಾಗೆ ಹೇಳಿದರೂ ಅವನಿಗೆ ಸಾಕಾಗುತ್ತದೆ.

ಮಾತ್ರೆಗಳು ಕೆಲಸ ಮಾಡಲು ವಾರಗಳೇ ಹಿಡಿದವು. ಮೊದಲು ಬಂದದ್ದು ನಿದ್ದೆ, ಹಸಿವು, ಹೊಟ್ಟೆ. ದನಿಗಳು ದೂರವಾದ ಮೇಲೆ ವಾಸಿಯಾಯಿತೆಂದು ಅವನೇ ಮಾತ್ರೆ ಬಿಟ್ಟ. ನಮಗೆ ತಿಳಿಯುವಷ್ಟರಲ್ಲಿ ಮತ್ತೆ ಬಚ್ಚಲ ನಲ್ಲಿ ಶುರುವಾಗಿತ್ತು. ಡಾಕ್ಟರು ಬೈಯಲಿಲ್ಲ. ಬೇರೆ ಔಷಧ ಬರೆದು, ನಮ್ಮನ್ನು ಮನೆಯವರ ಸಭೆಗೆ ಕಳಿಸಿದರು.

ಅಲ್ಲಿ ಕಾಯಿಲೆಯವರ ಮನೆಮಂದಿ ಸುತ್ತ ಕೂತು ತಮ್ಮ ತಮ್ಮ ಕಥೆ ಹೇಳುತ್ತಿದ್ದರು. ಮಹಾಲಕ್ಷ್ಮಿ ಲೇಔಟಿನ ಒಬ್ಬರು ಮಗಳಿಗಾಗಿ ಮನೆಯ ಬಾಗಿಲನ್ನೇ ಪೂರ್ವಕ್ಕೆ ತಿರುಗಿಸಿದ್ದರು. ಅಮ್ಮ ನಮ್ಮದನ್ನು ಹೇಳಿದಳು. ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು. ಕೆಂಗೇರಿ ಉಪನಗರದ ಒಬ್ಬರು ಮಾತ್ರ, “ಅಡ್ವಾನ್ಸಲ್ಲಿ ಪೇಂಟಿಂಗ್‌ಗೆ ಹಿಡ್ಕೊಂಡ್ರಾ?” ಎಂದರು. ಹಿಡಿದುಕೊಂಡಿದ್ದೆವು. ಅಮ್ಮ ಎಷ್ಟೋ ತಿಂಗಳ ಮೇಲೆ ನಕ್ಕಿದ್ದು ಆವತ್ತು. ಅಳುತ್ತಿದ್ದಳೋ ಏನೋ, ನಾನು ಪಕ್ಕದಲ್ಲಿದ್ದೆ, ಮುಖ ಕಾಣಲಿಲ್ಲ.

ಈಗ ತಮ್ಮ ರಾಜಾಜಿನಗರದ ಒಂದು ಅಂಗಡಿಯಲ್ಲಿ ಅರ್ಧ ದಿನ ಬಿಲ್ಲಿಂಗ್ ಮಾಡುತ್ತಾನೆ. ಊಟವಾದ ಮೇಲೆ ಮಾತ್ರೆ ತಾನೇ ತೆಗೆದುಕೊಳ್ಳುತ್ತಾನೆ. ದನಿಗಳು ಪೂರ್ತಿ ಹೋಗಿಲ್ಲ. ದೂರದ ಮದುವೆ ಮನೆಯ ಮೈಕಿನಷ್ಟು ಇವೆಯಂತೆ. ಹೋದ ತಿಂಗಳು ಊಟದ ನಡುವೆ, ತಾನು ಮೇಲಿನ ಮನೆಯಲ್ಲಿ ಇರುತ್ತೇನೆ ಎಂದ.

“ಎಲ್ಲಾ ಶುರುವಾಗಿದ್ದೇ ಅಲ್ಲಿಂದ ಕಣೋ,” ಎಂದಳು ಅಮ್ಮ.

“ಅಲ್ಲೇನೂ ಇಲ್ಲ ಅಂತ ನೀವೇ ಹೇಳ್ತಾ ಇದ್ರಲ್ಲ.” ಮುದ್ದೆ ಮುರಿಯುತ್ತಾ ಸೇರಿಸಿದ: “ನಾನೇ ಮೇಲೆ ಹೋದ್ರೆ ಮೇಲಿನವರ ಕಾಟ ಇರಲ್ಲ.”

ಅವನು ನಕ್ಕ, ನಾನೂ ನಕ್ಕೆ. ಅಮ್ಮ ಸಾರು ಬಡಿಸಿದಳು.

ಡಾಕ್ಟರನ್ನು ಕೇಳಿದೆವು. ಮಾತ್ರೆ ಸರಿಯಾಗಿ ತಗೊಳ್ತಾರೆ, ಕೆಳಗೆ ನೀವಿದ್ದೀರಿ, ಕೆಲವು ದಿನ ಇದ್ದು ನೋಡಲಿ ಎಂದರು. ಅಮ್ಮ ಆಗಲಿ ಅಂದಳು. ಮಾರನೆಯ ದಿನ ಗೇಟಿಗೆ ಟು-ಲೆಟ್ ಬೋರ್ಡ್ ಕಟ್ಟಿದಳು. ತಮ್ಮ ಅದನ್ನು ನೋಡಿ ಕೆಲಸಕ್ಕೆ ಹೋದ. ಆ ಸಂಜೆ ಅರ್ಧ ಮುದ್ದೆ ಬಿಟ್ಟೆದ್ದ.

ಮನೆ ನೋಡಲು ಜನ ಬರುತ್ತಿದ್ದಾರೆ. ಅಮ್ಮ ಗೇಟಿನಲ್ಲೇ ನಿಂತು ವಿಚಾರಿಸುತ್ತಾಳೆ: ಎಷ್ಟು ಜನ, ಎಲ್ಲಿ ಕೆಲಸ, ಯಾವ ಊರು. ಇನ್ನೂ ಯಾರನ್ನೂ ಒಪ್ಪಿಲ್ಲ. ಭಾನುವಾರ ಒಂದು ಜೋಡಿಯನ್ನು ಸಾಗಹಾಕಿ ಅವಳು ಒಳಗೆ ಬಂದಾಗ ಕೇಳಿದೆ:

“ಅಮ್ಮ, ಬೇರೆ ಯಾರದೋ ಮಗ ಬಂದು, ನಂಗೆ ಹಿಂಗೆ ಕಾಯಿಲೆ ಇದೆ, ಮಾತ್ರೆ ತಗೊಳ್ತೀನಿ, ಕೆಲಸಕ್ಕೂ ಹೋಗ್ತೀನಿ ಅಂತ ನಿಜ ಹೇಳಿ ಮನೆ ಕೇಳಿದ್ರೆ, ನೀನು ಕೊಡ್ತಿದ್ಯಾ?”

ಟ್ಯಾಂಕ್ ತುಂಬಿ ಚೆಲ್ಲುತ್ತಿತ್ತು. ಅಮ್ಮ ಮೋಟರ್ ಆರಿಸಲು ಹೋದಳು.