ಮನೆಯಿಲ್ಲದ ಗೋಡೆ

ಹೊರಗೆ ಹಿಮ ಬೀಳುತ್ತಿತ್ತು. ಮನೆಯೊಡತಿ ನನ್ನ ಕೋಣೆಗೆ ಬಂದವರೇ ಕಿಟಕಿಗಳನ್ನೆಲ್ಲ ಪೂರ್ತಿ ತೆರೆದು ನಿಂತರು. ನಾನು ಚಾದರ ಹೊದ್ದು ನಡುಗುತ್ತಿದ್ದರೆ ಅವರು ಗಡಿಯಾರ ನೋಡುತ್ತಿದ್ದರು. 'ಲ್ಯುಫ್ಟೆನ್' ಅಂದರು. ಮನೆಯ ಗಾಳಿ ಬದಲಿಸುವುದಕ್ಕೆ ಜರ್ಮನಿಯಲ್ಲಿ ಹಾಗೆನ್ನುತ್ತಾರೆ. ದಿನಾ ಮಾಡದಿದ್ದರೆ ಗೋಡೆಗೆ ಬೂಸು ಬರುತ್ತದಂತೆ. ಬಾಡಿಗೆಯ ಕರಾರಿನಲ್ಲೇ ಬರೆದಿದೆ. ನಮ್ಮೂರು ಧುಪದಾಳದ ಮಣ್ಣಿನ ಮನೆಯಲ್ಲಿ ಗೋಡೆಯ ಆರೋಗ್ಯಕ್ಕಾಗಿ ಯಾರೂ ಚಳಿ ತಿಂದದ್ದಿಲ್ಲ.

ನಗಬೇಡಿ, ನಾನು ಇಲ್ಲಿಗೆ ಬಂದದ್ದೇ ಗೋಡೆಯ ಮೇಲೆ ಸಂಶೋಧನೆ ಮಾಡಲು. ನಿಡಸೋಸಿಯ ಕಾಲೇಜಿಗೆ ಬಸ್ಸಿನಲ್ಲಿ ಓಡಾಡಿ ಸಿವಿಲ್ ಎಂಜಿನಿಯರಿಂಗ್ ಕಲಿತವಳು, ಈಗ ಮಣ್ಣಿನ ಗೋಡೆ ಮಳೆಗೆ ಎಷ್ಟು ತಾಳುತ್ತದೆಂದು ಅಳೆಯುತ್ತೇನೆ. ಕಟ್ಟುವ ಮಣ್ಣಿಗೆ ಇವರು 'ಲೇಮ್' ಅನ್ನುತ್ತಾರೆ. ಅದು ಸಿಮೆಂಟಿನಂತೆ ಚೀಲದಲ್ಲಿ ಬರುತ್ತದೆ, ಸಾಣಿಸಿದ ಹಿಟ್ಟಿನ ಹಾಗೆ. ಮೊದಲ ದಿನ ಒಂದು ಹಿಡಿ ಮೂಸಿ ನೋಡಿದೆ. ವಾಸನೆಯೇ ಇಲ್ಲ. ವಾಸನೆಯಿಲ್ಲದ್ದು ಮಣ್ಣೇ ಅಲ್ಲ ಅನ್ನಿಸಿ ಅಂದಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಬೇಸಿಗೆಯ ಹೊತ್ತಿಗೆ ಕಟ್ಟಿದ ನನ್ನ ಮೊದಲ ಗೋಡೆ ನೀರಿನ ಪರೀಕ್ಷೆಯಲ್ಲಿ ಸಂಜೆಯೊಳಗೆ ಕರಗಿ ಇಳಿಯಿತು. "ಇನ್ನೊಂದು ಕಟ್ಟಿ. ಅದೂ ಬಿದ್ದರೆ ಈ ಕೆಲಸ ನಿಲ್ಲಿಸೋಣ" ಅಂದರು ನನ್ನ ಸಂಶೋಧನೆಯ ಗೈಡ್. ನಿಲ್ಲಿಸುವುದೆಂದರೆ ಗಂಟು ಕಟ್ಟಿಕೊಂಡು ಊರಿಗೆ ಹೋಗುವುದು. ಊರು ಬೇಡವೆಂದಲ್ಲ, ಸೋತು ಹೋಗುವುದು ಬೇಡವಾಗಿತ್ತು.

ನಮ್ಮ ಮನೆ ಕಟ್ಟಿದ ಗೌಂಡಿ ದಸ್ತಗೀರ ಕಾಕಾನಿಗೆ ಫೋನ್ ಹಚ್ಚಿ ಗೋಡೆ ಕರಗಿದ್ದನ್ನು ಹೇಳಿದೆ.

"ರಾಡಿ ಎಷ್ಟ ದಿನಾ ಕೊಳಸಿದಿ?"

"ಕೊಳಸಿಲ್ರಿ ಕಾಕಾ. ಮುಂಜಾನಿ ಕಲಸಿ ಮಧ್ಯಾಹ್ನ ಕಟ್ಟೇನಿ. ಪುಸ್ತಕದಾಗ ಹಂಗ ಐತಿ."

"ಪುಸ್ತಕಾ ಬರದಾಂವ ಆ ಮನ್ಯಾಗ ಇರತಾನೇನ? ಇಷ್ಟ ಸಾಲಿ ಕಲ್ತು ರಾಡಿ ಕಲಸಾಕ ಬರವಲ್ದಲ್ಲ ಬೇಟಿ! ಮಣ್ಣಿಗೆ ಹೊಟ್ಟು ಹಾಕಿ ತುಳಿ. ಎಂಟ ದಿನಾ ನೀರ ಹಾಕ್ಕೋಂತ ಬಿಡು. ಮತ್ತ ತುಳಿ. ಬಾಜೂ ಮನಿಯಾವ್ರು ಮೂಗ ಮುಚ್ಚಿ ಬೈಬೇಕು. ಆವಾಗ ಕಟ್ಟು."

ಲ್ಯಾಬಿನವರು ಬೈದೇ ಬೈದರು. ನಾಲ್ಕನೇ ದಿನಕ್ಕೇ ನಾನು ಕೊಳೆಹಾಕಿದ್ದ ರಾಡಿ ಮಣ್ಣಿನ ತೊಟ್ಟಿಯನ್ನು ಲ್ಯಾಬಿನಿಂದ ಹೊರಗೆ ಹಾಕಿಸಿದರು. ಕಡೆಗೆ ಮನೆಯೊಡತಿಯ ಹಿತ್ತಲಿಗೆ ತಂದಿಟ್ಟೆ. ಅವರು ತೀರಿಹೋದ ಗಂಡನ ರಬ್ಬರ್ ಬೂಟು ತಂದುಕೊಟ್ಟು, ಒಳಗೆ ಹೋಗಿ ಕಿಟಕಿಗಳನ್ನೆಲ್ಲ ಮುಚ್ಚಿಕೊಂಡರು. ಬೂಟು ಬದಿಗಿಟ್ಟು ಬರಿಗಾಲಲ್ಲೇ ತುಳಿದೆ. ನನ್ನವರೆನ್ನುವ ಜನ ಇಲ್ಲದ ಊರಲ್ಲಿ ಆ ನಾತವೇ ನನಗೆ ಬಳಗವಾಯಿತು.

ಆ ರಾಡಿಯಲ್ಲಿ ಕಟ್ಟಿದ ಎರಡನೆಯ ಗೋಡೆ ಒಣಗಿತು. ಇಡೀ ದಿನ ನೀರು ಹೊಡೆದರು. ಗೋಡೆಯ ಮೈ ತೊಯ್ದಿತು, ಮೂಲೆ ಕೂಡ ಸವೆಯಲಿಲ್ಲ. ಗೈಡ್ ಕೈಕುಲುಕಿದರು. ನಾನು ಫೋನಿಗೆ ಓಡಿದೆ.

"ನಿಂತೈತ್ರಿ ಕಾಕಾ!"

"ನಿಲ್ಲದ ಏನ ಮಾಡತೈತಿ? ಒಳಗಿನ ಬಾಜೂ ಸಾರಿಸಿದಿ?"

"ಒಳಗಿನ ಬಾಜೂ ಯಾವ್ದ್ರಿ?"

"ಮನಿ ಒಳಗಿಂದ, ಮತ್ತ್ಯಾವ್ದು?"

ಮನೆ ಇಲ್ಲ, ಬರೀ ಗೋಡೆ, ಸೋಮವಾರ ಒಡೆಯುತ್ತಾರೆ ಎಂದೆ.

"ಯಾರೂ ಇರಲಾರದ ಗ್ವಾಡಿ ಕಟ್ಟಾಕ ಅಷ್ಟ ದೂರ ಹೋಗಿಯೇನ? ಇರಲಿ. ಸಾರಿಸಿ ಬಿಡು. ಬೆತ್ತಲೆ ನಿಲ್ಲಸಬ್ಯಾಡ."

ಅಳತೆಯೆಲ್ಲ ಮುಗಿದಿತ್ತು. ಉಳಿದ ರಾಡಿ ತಂದು ಗೋಡೆಯ ಮುಂದೆ ನಿಂತೆ. ಈಚೆ ನಿಂತು ನೋಡಿದೆ, ಸುತ್ತಿ ಹೋಗಿ ಆಚೆ ನಿಂತೆ. ಒಳಗು ಯಾವುದೆಂದು ಗೊತ್ತಾಗಲಿಲ್ಲ. ಕತ್ತಲಾಗುವ ಮುಂಚೆ ಈಚೆಯ ಬದಿ ಸಾರಿಸಿ ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಹೋಗಿ ಆಚೆಯದನ್ನೂ ಸಾರಿಸಿದೆ.